ಬಿಡುಗಡೆಯಾದವರ ಎಚ್‌ಐವಿ ಚಿಕಿತ್ಸೆ

ಪ್ರಶ್ನೆ: ಜೈಲಿನಲ್ಲಿ ಎಚ್‌ಐವಿ ಮಾತ್ರೆ ಸೇವಿಸುತ್ತಿದ್ದವರಿಗೆ ಬಿಡುಗಡೆಯ ನಂತರ ಚಿಕಿತ್ಸೆ ಎಲ್ಲಿ? – ಓದುಗರು, ಹೋಳೂರು

ಉತ್ತರ: ಮಾತ್ರೆಯ ಬೆಲೆ ಇಲ್ಲಿ ಅಡ್ಡಿಯಲ್ಲ. 2004ರಿಂದ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಗಳಲ್ಲಿ ಅದು ಉಚಿತ. ಹೋಳೂರಿನವರಿಗೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯೇ ಹತ್ತಿರ. ಚಿಕಿತ್ಸೆಯ ಕೊಂಡಿ ಕಳಚುವುದು ಜೈಲಿನ ಗೇಟಿನಲ್ಲಿ. ಜಾಮೀನಿನ ಆದೇಶ ಸಂಜೆ ತಲುಪಿದರೆ ವಿಚಾರಣಾಧೀನ ಕೈದಿ ಆಗಲೇ ಹೊರಗೆ. ಚಿಕಿತ್ಸೆಯ ಪುಸ್ತಕ, ಉಳಿದ ಮಾತ್ರೆ, ವರ್ಗಾವಣೆ ಪತ್ರ ಒಳಗೇ ಉಳಿಯಬಹುದು. ಮಾತ್ರೆ ತಪ್ಪಿದರೆ ವೈರಾಣು ಕೆಲವೇ ವಾರಗಳಲ್ಲಿ ಮತ್ತೆ ಹೆಚ್ಚುತ್ತದೆ.

‘ಮಾತ್ರೆ ಪುಕ್ಕಟೆ ಇರುವಾಗ ಹೋಗಿ ತರುವುದು ಅವರ ಹೊಣೆ’ ಎನ್ನುವವರಿದ್ದಾರೆ. ಹೊಣೆ ನಿಜ, ಆದರೆ ಅಷ್ಟೇ ಸಾಲದು. ಅಮೆರಿಕದ ಟೆಕ್ಸಸ್‌ನಲ್ಲಿ ಬಿಡುಗಡೆಯಾದ ಕೈದಿಗಳಿಗೆ ಹತ್ತು ದಿನದ ಔಷಧಿ ಕೊಟ್ಟೇ ಕಳಿಸುತ್ತಿದ್ದರು. 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದು ಮುಗಿಯುವಷ್ಟರಲ್ಲಿ ಮುಂದಿನ ಔಷಧಿ ಪಡೆದವರು ಶೇ 5ರಷ್ಟು ಮಾತ್ರ. ಕೆಲಸ, ಸೂರು, ಕೋರ್ಟಿನ ಅಲೆದಾಟದ ನಡುವೆ ಔಷಧಿ ಹಿಂದೆ ಬೀಳುತ್ತದೆ. ವರ್ಗಾವಣೆ ಪತ್ರ ಕೊಟ್ಟರೆ ಗುಟ್ಟು ರಟ್ಟಾಗದೇ? ಒಪ್ಪಿಗೆಯಿಲ್ಲದೆ ಎಚ್‌ಐವಿ ಮಾಹಿತಿ ಬಹಿರಂಗಪಡಿಸುವುದನ್ನು ನಮ್ಮ ದೇಶದ 2017ರ ಎಚ್‌ಐವಿ ಕಾಯ್ದೆ ನಿರ್ಬಂಧಿಸುತ್ತದೆ. ಹಾಗಾಗಿ ಬಿಡುಗಡೆಯ ದಿನಕ್ಕೆ ಕಾಯದೆ, ಚಿಕಿತ್ಸೆ ಶುರುವಾದಾಗಲೇ ಒಪ್ಪಿಗೆ ಪಡೆದು ಊರಿನ ಕೇಂದ್ರವನ್ನು ಗುರುತಿಸಿಡುವುದು ಲೇಸು. ಪತ್ರವಿಲ್ಲದೆ ಬಂದವರೂ ಹಿಂಜರಿಯದೆ ಕೇಂದ್ರಕ್ಕೆ ಹೋಗಲಿ. ಮಾಹಿತಿಗೆ ಉಚಿತ ಸಹಾಯವಾಣಿ 1097.