ತೋಟದ ಲೆಕ್ಕದಲ್ಲೇ ಪದವಿಯ ಲೆಕ್ಕ



ಪಿ.ಯು.ಸಿ.ಗೆ ಓದು ನಿಲ್ಲಿಸಿ ಮದುವೆಯಾಗಿ ಬಂದ ಹೆಣ್ಣುಮಕ್ಕಳು, ತೋಟ ನೋಡಿಕೊಳ್ಳಲು ಊರಿಗೆ ಮರಳಿದ ಹುಡುಗರು ಈಗ ಮನೆಯಲ್ಲೇ ಕುಳಿತು ಆನ್‌ಲೈನ್ ಮೂಲಕ ಪದವಿಗೆ ಸೇರುತ್ತಿದ್ದಾರೆ. ಸಂತೋಷದ ವಿಚಾರ. ಆದರೆ ಕೆಲವರು ಅರ್ಧದಲ್ಲೇ ಕೈಬಿಡುವುದನ್ನೂ ಕಾಣುತ್ತಿದ್ದೇವೆ. ಬುದ್ಧಿಯಿದ್ದೂ ಲೆಕ್ಕ ತಪ್ಪಿದ್ದೇ ಇದಕ್ಕೆ ಕಾರಣ. ನಮ್ಮ ಮನೆಯಲ್ಲೂ ಇದೇ ತಪ್ಪಾಯಿತು.

ನಮ್ಮ ಸೊಸೆ ಬಿ.ಎ.ಗೆ ಸೇರಿದ ವರ್ಷ, ಮೂರೇ ವರ್ಷದಲ್ಲಿ ಮುಗಿಸಬೇಕೆಂದು ಎಲ್ಲ ಪತ್ರಿಕೆಗಳನ್ನೂ ಒಟ್ಟಿಗೆ ಹಿಡಿದಳು. ಡಿಸೆಂಬರ್ ಪರೀಕ್ಷೆ ಬಂತು. ಅದೇ ವಾರ ಅರೇಬಿಕಾ ಹಣ್ಣಾಗಿ ಉದುರುತ್ತಿತ್ತು, ಕೊನೆಗಾರನೂ ಅಂದೇ ಬಂದ. ಹಗಲು ಕಣದಲ್ಲಿ, ರಾತ್ರಿ ಅಡಿಕೆ ಸುಲಿತದಲ್ಲಿ. ಬರೆದ ಪತ್ರಿಕೆಗಳಲ್ಲಿ ಒಂದೂ ದಾಟಲಿಲ್ಲ. “ಮಾವ, ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕ್ತೀನಿ” ಎಂದಳು. ಆ ರಾತ್ರಿ ನಾವು ತೋಟದ ಲೆಕ್ಕದ ಪುಸ್ತಕವನ್ನೇ ತೆಗೆದು ಅವಳೊಂದಿಗೆ ಕುಳಿತೆವು.

ಮೊದಲು ಗಂಟೆಯ ಲೆಕ್ಕ. ಯು.ಜಿ.ಸಿ. 2022ರಲ್ಲಿ ಹೊರಡಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಅಳತೆಯಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಒಟ್ಟು 3,600 ಗಂಟೆ. ಮೂರು ವರ್ಷದಲ್ಲಿ ಮುಗಿಸಲು ವಾರಕ್ಕೆ 23 ಗಂಟೆ ಬೇಕು. ತೋಟವಿದ್ದವರಿಗೆ ಇದು ಆಗದ ಮಾತು. ಆದರೆ ಅಲ್ಲಿ ಮೂರು ವರ್ಷದ ಬಿ.ಎ.ಗೆ ಆರು ವರ್ಷದವರೆಗೂ ಅವಕಾಶವಿದೆ. ಐದು ವರ್ಷಕ್ಕೆ ಯೋಜನೆ ಹಾಕಿ, ಆರನೆಯದನ್ನು ಬೆಳೆ ಕೈಕೊಟ್ಟ ವರ್ಷಕ್ಕೆಂದು ಉಳಿಸಿಕೊಳ್ಳುವುದು ಜಾಣತನ.

ಐದು ವರ್ಷವೆಂದರೆ ವರ್ಷಕ್ಕೆ 720 ಗಂಟೆ, ಅಂದರೆ 6 ಕ್ರೆಡಿಟ್‌ನ ನಾಲ್ಕು ಪತ್ರಿಕೆ. ಕೊಯ್ಲಿನ ಮೂರು ತಿಂಗಳು ವಾರಕ್ಕೆ ಐದೇ ಗಂಟೆ ಸಾಕು. ಉಳಿದ ಒಂಬತ್ತು ತಿಂಗಳು ದಿನಕ್ಕೆ ಎರಡೂವರೆ ಗಂಟೆ ಓದಿದರೆ ಲೆಕ್ಕ ಸರಿಹೋಗುತ್ತದೆ. ಕೊಯ್ಲಿನಲ್ಲೂ ಪೂರ್ತಿ ನಿಲ್ಲಿಸಬಾರದು. ಬಿಟ್ಟ ಓದು ಕಪಾತು ಮಾಡದ ಗಿಡದಂತೆ, ಮತ್ತೆ ಹದಕ್ಕೆ ತರುವುದು ಕಷ್ಟ.

ಇನ್ನು ಕಾಲದ ಲೆಕ್ಕ. ಅಲ್ಲಿ ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ. ನೋಂದಾಯಿಸಿದ ಎಲ್ಲ ಪತ್ರಿಕೆಗಳನ್ನೂ ಅದೇ ಸಲ ಬರೆಯಲೇಬೇಕೆಂದಿಲ್ಲ. ಆದ್ದರಿಂದ ಮೂರು ಪತ್ರಿಕೆ ಜೂನ್‌ಗೆ, ಒಂದೇ ಒಂದು ಡಿಸೆಂಬರ್‌ಗೆ ಇಟ್ಟೆವು. ಪರೀಕ್ಷೆಗೆ ಮುನ್ನ ಕಳಿಸಬೇಕಾದ ಅಸೈನ್‌ಮೆಂಟ್‌ಗಳಿಗೂ ಅಂಕವಿದೆ. ಡಿಸೆಂಬರ್‌ನದನ್ನು ಮಳೆಗಾಲದಲ್ಲೇ ಬರೆದು ಮುಗಿಸಬೇಕು. ಜೂನ್‌ನ ಓದು ಹೂಮಳೆಯ ಹೊತ್ತಿಗೆ ಹಿಡಿತಕ್ಕೆ ಬಂದಿರಲಿ. ಮೇ ಕೊನೆಗೆ ಬೋರ್ಡೋ ಸಿಂಪರಣೆಯ ಗಡಿಬಿಡಿ ಇದ್ದೇ ಇದೆ. ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವುದರಿಂದ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಸೇರುವ ಮುನ್ನ ಎರಡು ವಿಚಾರ ಖಚಿತಪಡಿಸಿಕೊಳ್ಳಿ. ಆ ಪದವಿಗೆ ಆ ವರ್ಷ ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ? ಗರಿಷ್ಠ ಅವಧಿ ಎಷ್ಟು? ನಿಯಮಗಳು ಒಂದೊಂದು ಕಡೆ ಒಂದೊಂದು ರೀತಿ. ಅವಧಿ ಎಳೆದಷ್ಟೂ ನೋಂದಣಿ ಮತ್ತು ಪರೀಕ್ಷೆಯ ಖರ್ಚು ಬೆಳೆಯಬಹುದು. ಅದನ್ನೂ ಗೊಬ್ಬರದ ಖರ್ಚಿನ ಪಕ್ಕದಲ್ಲೇ ಬರೆದಿಡಿ.

ಕೊನೆಯದು ಮನೆಯ ಹಿರಿಯರಿಗೆ. ಆ ಎರಡೂವರೆ ಗಂಟೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಸಂಜೆಯ ಕೊಟ್ಟಿಗೆ ಕೆಲಸವನ್ನು ನಾವು ವಹಿಸಿಕೊಂಡೆವು. ಮರುವರ್ಷ ನಾಲ್ಕೂ ಪತ್ರಿಕೆ ದಾಟಿದಳು. ಪುಸ್ತಕ ಇನ್ನೂ ಅಟ್ಟ ಹತ್ತಿಲ್ಲ.