ಕೇಬಲ್ ಒಂದು, ಸರ್ವರ್ ಹತ್ತು

‘ಪೆಟ್ಟಿಗೆ ಒಂದು, ಒಳಗೆ ಹತ್ತು ಸರ್ವರ್ ಓಡ್ತಿವೆ ಅಂತಾರೆ. ಹಿಂದೆ ಸಿಕ್ಕಿಸಿರೋ ಕೇಬಲ್ ಮಾತ್ರ ಒಂದೇ. ಅದು ಯಾರ ಪಾಲಿಗೆ ಸಾರ್?’ ಡಿಪ್ಲೊಮಾ ವಿದ್ಯಾರ್ಥಿಯೊಬ್ಬರ ಪ್ರಶ್ನೆ ಇದು.

‘ಹೈಪರ್‌ವೈಸರ್ ಹಂಚುತ್ತೆ ಬಿಡಿ’ ಎನ್ನುವವರೇ ಹೆಚ್ಚು. ಒಂದೇ ಯಂತ್ರದಲ್ಲಿ ಹಲವು ‘ಅತಿಥಿ’ ಸರ್ವರುಗಳನ್ನು ಓಡಿಸುವ ತಂತ್ರಾಂಶ ಅದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಝೆನ್ ಹೈಪರ್‌ವೈಸರನ್ನೇ ನೋಡಿ. ಮೆಮೊರಿ, ಪ್ರೊಸೆಸರ್ ಎಲ್ಲ ಅದರ ಮುಷ್ಟಿಯಲ್ಲಿ. ನೆಟ್‌ವರ್ಕ್ ಕಾರ್ಡಿನ ಗುರುತೇ ಅದಕ್ಕಿಲ್ಲ! ಮೊದಲ ಆವೃತ್ತಿಯಲ್ಲಿ ಡ್ರೈವರ್‌ಗಳು ಅದರೊಳಗೇ ಇದ್ದವು. 2004ರ ಎರಡನೇ ಆವೃತ್ತಿ ಆ ಹೊರೆಯನ್ನು ‘ಡಾಮ್-ಝೀರೋ’ ಎಂಬ ವಿಶೇಷಾಧಿಕಾರದ ವ್ಯವಸ್ಥೆಗೆ ದಾಟಿಸಿತು. ಅದು ಸಾಮಾನ್ಯವಾಗಿ ನಮ್ಮ ಲಿನಕ್ಸೇ. ಅಲ್ಲಿನ ‘ನೆಟ್‌ಬ್ಯಾಕ್’ ಡ್ರೈವರ್ ಅತಿಥಿ ಸರ್ವರಿನ ‘ನೆಟ್‌ಫ್ರಂಟ್’ ಜೊತೆ ಇಬ್ಬರಿಗೂ ಕಾಣುವ ಮೆಮೊರಿ ಪುಟದ ಮೂಲಕ ವ್ಯವಹರಿಸುತ್ತದೆ.

ಡಾಮ್-ಝೀರೋದಲ್ಲಿ ‘ಐಪಿ ಲಿಂಕ್’ ಎಂದು ಟೈಪಿಸಿದರೆ ‘ವಿಫ್3.0’ ತರಹದ ಹೆಸರುಗಳ ಸಾಲು ಕಾಣುತ್ತದೆ: 3ನೇ ಅತಿಥಿಯ 0ನೇ ಕಾರ್ಡು. ಎಲ್ಲದರ ಮ್ಯಾಕ್ ವಿಳಾಸವೂ ಒಂದೇ, ‘ಎಫ್‌ಇ’ ಆದಮೇಲೆ ಐದು ‘ಎಫ್‌ಎಫ್’. ಹೊಸಬರು ಗಾಬರಿಯಾಗುತ್ತಾರೆ. ಅದು ಬೇಕೆಂದೇ ಇಟ್ಟಿದ್ದು. ಈ ಕಾರ್ಡುಗಳನ್ನೆಲ್ಲ ಆ ಒಂದೇ ಕೇಬಲ್ಲಿಗೆ ಜೋಡಿಸುವ ಲಿನಕ್ಸ್ ಬ್ರಿಜ್ ತನಗೆ ಸೇರಿದ ಪೋರ್ಟುಗಳಲ್ಲಿ ಅತಿ ಚಿಕ್ಕ ವಿಳಾಸವನ್ನು ತನ್ನದಾಗಿಸಿಕೊಳ್ಳುತ್ತದೆ. ಇಷ್ಟು ದೊಡ್ಡದು ಅದರ ಕಣ್ಣಿಗೇ ಬೀಳುವುದಿಲ್ಲ. ಅತಿಥಿಗಳು ಬಂದು ಹೋದಂತೆಲ್ಲ ಬ್ರಿಜ್ಜಿನ ವಿಳಾಸ ಬದಲಾಗುವ ತಾಪತ್ರಯ ತಪ್ಪಿತು.

ಆಯುಧಪೂಜೆಗೆ ಸರ್ವರಿಗೆ ಕುಂಕುಮ ಇಡಿ, ಬೇಡ ಎನ್ನುವುದಿಲ್ಲ. ‘ನೆಟ್ ನಿಂತರೆ ರೀಸ್ಟಾರ್ಟ್ ಮಾಡು’ ಎಂಬ ಮೂಢನಂಬಿಕೆ ಮಾತ್ರ ಬಿಡಿ. ಅತಿಥಿ ಮತ್ತೆ ಎದ್ದಾಗ ಅದರ ಸಂಖ್ಯೆಯೇ ಬೇರೆ. ವಿಫ್3.0 ಹೆಸರಿಗೆ ಬರೆದಿಟ್ಟ ಫೈರ್‌ವಾಲ್ ನಿಯಮ ದಿಕ್ಕಿಲ್ಲದೆ ಉಳಿಯುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ. ಮೊದಮೊದಲು ನೆಟ್‌ಬ್ಯಾಕ್, ಬಂದ ಪ್ಯಾಕೆಟ್ಟನ್ನು ನಕಲು ಮಾಡುತ್ತಿರಲಿಲ್ಲ. ಪ್ಯಾಕೆಟ್ ಇದ್ದ 4096 ಬೈಟಿನ ಪುಟವನ್ನೇ ಅತಿಥಿಯ ಹೆಸರಿಗೆ ಬರೆದುಕೊಟ್ಟು, ಬದಲಿಗೆ ಒಂದು ಖಾಲಿ ಪುಟ ಪಡೆಯುತ್ತಿತ್ತು. ಎಂಥ ಜಾಣತನ! ಆದರೆ ಪ್ರತಿ ಸಲವೂ ಹೈಪರ್‌ವೈಸರನ್ನು ಎಬ್ಬಿಸಿ, ಪುಟದ ಕೋಷ್ಟಕ ತಿದ್ದಿಸಿ, ಪ್ರೊಸೆಸರ್ ನೆನಪಿಟ್ಟುಕೊಂಡ ವಿಳಾಸಗಳನ್ನು ಅಳಿಸಬೇಕು. ಅಳೆದು ನೋಡಿದರೆ 1500 ಬೈಟ್ ನಕಲು ಮಾಡುವುದೇ ಅಗ್ಗ. ಅದಲುಬದಲು ಅಲ್ಲಿಗೆ ನಿಂತಿತು.

ಹೊರಹೋಗುವ ಪ್ಯಾಕೆಟ್ಟಿನ ತಲೆಭಾಗವನ್ನಂತೂ ನಕಲು ಮಾಡಿಕೊಳ್ಳಲೇಬೇಕು. ಇಲ್ಲದಿದ್ದರೆ, ಫೈರ್‌ವಾಲ್ ವಿಳಾಸ ನೋಡಿ ‘ಹೋಗು’ ಎಂದ ಮೇಲೆ ಕಿಲಾಡಿ ಅತಿಥಿ ಅದನ್ನು ತಿದ್ದಿಬಿಡಬಹುದು. ಪುಟ ಇನ್ನೂ ಅವನದೇ ತಾನೆ!