ಹೀರೋ ನಾಮಪತ್ರ ಹಾಕಿದ್ರೆ...?

ಕಾಲೇಜು ಹುಡುಗ. ಊರಲ್ಲಿ ಅನ್ಯಾಯ. ಎರಡು ಫೈಟು, ಒಂದು ಹಾಡು, ಮಧ್ಯೆ ಚುನಾವಣೆ... ಕ್ಲೈಮ್ಯಾಕ್ಸಿಗೆ ಹೂವಿನ ಹಾರ! 2004ರಲ್ಲಿ ಮಣಿರತ್ನಂ ‘ಯುವ’ ತೆಗೆದಾಗ ವಿದ್ಯಾರ್ಥಿ ನಾಯಕನಾಗಿದ್ದ ಅಜಯ್ ದೇವಗನ್ ಗೆಳೆಯರನ್ನು ಕಟ್ಟಿಕೊಂಡು ಚುನಾವಣೆಗಿಳಿದು ಗೆದ್ದೇ ಬಿಟ್ಟ. ಥಿಯೇಟರಿನಲ್ಲಿ ಸಿಳ್ಳೆಯೋ ಸಿಳ್ಳೆ!

ಸರಿ ಮಿತ್ರರೇ, ಕಾರವಾರದಲ್ಲೋ ಅಂಕೋಲೆಯಲ್ಲೋ ಓದುವ ಹುಡುಗ ನಿಜವಾಗಿ ನಿಂತರೆ?

ಮೊದಲು ಸೆನ್ಸಾರ್!

ಮತ ಹಾಕೋಕೆ 18 ಸಾಕು. (1989ಕ್ಕೆ ಮುಂಚೆ ಅದಕ್ಕೂ 21 ತುಂಬಬೇಕಿತ್ತು.) ಎಂ.ಎಲ್.ಎ., ಎಂ.ಪಿ. ಆಗೋಕೆ ಮಾತ್ರ 25 ಆಗಲೇಬೇಕು. ಅಲ್ಲಿಗೆ ಬಿ.ಎ. ಹೀರೋ ಔಟ್! ಪಿಎಚ್.ಡಿ. ಮಾಡುವ ಅಣ್ಣನಿಗೆ ಛಾನ್ಸ್ ಉಂಟು. ಗ್ರಾಮ ಪಂಚಾಯತಿಗಾದರೆ 21 ಸಾಕು.

ಆಮೇಲೆ ದುಡ್ಡು. ವಿಧಾನಸಭೆಗೆ ಠೇವಣಿ 10 ಸಾವಿರ ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅದರಲ್ಲಿ ಅರ್ಧ. ಪಕ್ಷೇತರನಾದರೆ ಅದೇ ಕ್ಷೇತ್ರದ 10 ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಸೋತವನಿಗೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬೀಳದಿದ್ದರೆ ಠೇವಣಿ ಗೋತಾ! ಮೆಸ್ ಬಿಲ್ ಬಾಕಿ ಇಟ್ಟವನಿಗೆ ಇದೇನು ಕಡಿಮೆ ಮೊತ್ತವೇ?

ರಿಹರ್ಸಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆಗಳಿಗೆ 1989ರಲ್ಲೇ ಬೀಗ ಬಿತ್ತು.

ಗೆದ್ದವಳು, ಸೋತವಳು

ಹಾಗಂತ ಯಾರೂ ನಿಂತೇ ಇಲ್ಲವೇ? ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಕೊನೇ ವರ್ಷದ ವಿದ್ಯಾರ್ಥಿನಿ ಮ್ಹಾರಿ ಬ್ಲ್ಯಾಕ್ 2015ರಲ್ಲಿ, ಬರೀ 20ರ ವಯಸ್ಸಿಗೆ, ಲೇಬರ್ ಪಕ್ಷದ ಘಟಾನುಘಟಿ ಡಗ್ಲಾಸ್ ಅಲೆಗ್ಸಾಂಡರ್ ಅವರನ್ನು ಸೋಲಿಸಿ ಬ್ರಿಟನ್ನಿನ ಪಾರ್ಲಿಮೆಂಟು ಸೇರಿದಳು. ಡಿಗ್ರಿ ಮುಗಿಸಿದ್ದು ಗೆದ್ದ ಮೇಲೆ!

ನಮ್ಮ ದೇಶದಲ್ಲಿ? ದಿಲ್ಲಿಯ ಜೆ.ಎನ್.ಯು. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಐಶಿ ಘೋಷ್ 2021ರಲ್ಲಿ ಬಂಗಾಳದ ಜಮುರಿಯಾದಲ್ಲಿ ಸಿ.ಪಿ.ಐ.(ಎಂ) ಅಭ್ಯರ್ಥಿಯಾಗಿ ನಿಂತಳು. ಹೆಸರಿತ್ತು, ಧೈರ್ಯವಿತ್ತು. ಆದರೂ ಸೋತಳು. ಮತಪೆಟ್ಟಿಗೆಗೆ ಸಿಳ್ಳೆ ಕೇಳಿಸೋದಿಲ್ಲ!

ಬೆಂಚು ಹಾಕಿಸಿದ ಅಭ್ಯರ್ಥಿ

ಇನ್ನು ನಮ್ಮೂರ ಕತೆ. ಅಂಕೋಲೆಯ ಚುಟುಕು ಕವಿ ದಿನಕರ ದೇಸಾಯಿ 1967ರಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. ಆಗ ಅವರಿಗೆ 57. ತಡವಾಯಿತು ಅಂತೀರಾ? ಅಷ್ಟರೊಳಗೆ ಗೇಣಿದಾರ ರೈತರ ಪರ ಹೋರಾಡಿದ್ದರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆಗಳನ್ನು ತೆರೆದಿದ್ದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು 1966ರಲ್ಲಿ ಶುರುವಾದದ್ದೂ ಅದೇ ಟ್ರಸ್ಟಿನಿಂದ. ಇವತ್ತು ಅಲ್ಲಿ ಕೂತು ನಾಮಪತ್ರದ ಕನಸು ಕಾಣುವ ಹುಡುಗನ ಬೆಂಚು ಒಬ್ಬ ಅಭ್ಯರ್ಥಿ ಹಾಕಿಸಿದ್ದು!

ಕಾರವಾರ, ಅಂಕೋಲೆ ಎರಡೂ ಸೇರಿ ಒಂದೇ ವಿಧಾನಸಭಾ ಕ್ಷೇತ್ರ. ಇಲ್ಲಿ ಓಟು ಕೇಳೋಕೆ ಹೋದರೆ ಸೀಬರ್ಡ್ ನೌಕಾನೆಲೆಗೆ ಮನೆ-ಗದ್ದೆ ಬಿಟ್ಟುಕೊಟ್ಟವರು ಪ್ರಶ್ನೆ ಕೇಳ್ತಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ತಮ್ಮವರನ್ನು ಕಳಕೊಂಡವರೂ ಕೇಳ್ತಾರೆ. ಅಲ್ಲಿ ಡೈಲಾಗ್ ಬರೆದುಕೊಡೋರಿಲ್ಲ, ಡೂಪೂ ಇಲ್ಲ.

ನಿಲ್ಲುವ ಆಸೆ ಇದೆಯಾ? ಭೇಷ್! 21ಕ್ಕೆ ಪಂಚಾಯತಿಯಿಂದ ಶುರು ಮಾಡಿ. ಅದಕ್ಕೂ ಮೊದಲು ನಾಮಪತ್ರಕ್ಕೆ ಸಹಿ ಹಾಕುವ ಹತ್ತು ಜನ ನಿಮ್ಮ ಕೇರಿಯಲ್ಲಿ ಇದ್ದಾರಾ, ಎಣಿಸಿ ನೋಡಿ!